ಸಂಬಳ ಜಾಸ್ತಿ ಆದ್ರೆ ಕೆಲಸ ಜಾಸ್ತಿ ಮಾಡ್ತೀವಾ, ಕಮ್ಮಿ ಮಾಡ್ತೀವಾ?

ಗಂಟೆ ಲೆಕ್ಕದ ಕೆಲಸ ಅಂದ್ಕೊಳ್ಳಿ, ಗಂಟೆಗೆ 100 ಇದ್ದಿದ್ದು 125 ಆಯ್ತು. ಈಗ ಒಂದ್ ಮನಸ್ಸು ಹೇಳುತ್ತೆ, ಸುಮ್ನೆ ಕೂತ ಒಂದೊಂದು ಗಂಟೆಗೂ 125 ಕಳ್ಕೊಂಡಂಗೆ, ಇನ್ನೂ ಎರಡು ಗಂಟೆ ದುಡಿಯೋಣ ಅಂತ. ಇದು ಸಬ್‌ಸ್ಟಿಟ್ಯೂಷನ್ ಎಫೆಕ್ಟ್. ಇನ್ನೊಂದ್ ಮನಸ್ಸು, ಮೊದ್ಲು 10 ಗಂಟೆ ದುಡಿದು ತರ್ತಿದ್ದ 1000 ಈಗ 8 ಗಂಟೆಗೇ ಬರುತ್ತಲ್ಲ, ಬೇಗ ಮನೆಗೆ ಹೋಗಿ ಮಕ್ಕಳ ಜೊತೆ ಇರೋಣ ಅನ್ನುತ್ತೆ, ಅದು ಇನ್‌ಕಮ್ ಎಫೆಕ್ಟ್. ಯಾವುದು ಗೆಲ್ಲುತ್ತೆ ಅಂತ ಮೊದಲೇ ಹೇಳಕ್ಕಾಗಲ್ಲ, ಆದ್ರೆ ಕೂಲಿ ಕಮ್ಮಿ ಇದ್ದಾಗ ಮೊದಲನೇದು, ಒಂದ್ ಮಟ್ಟ ದಾಟಿದ್ಮೇಲೆ ಎರಡನೇದು ಜೋರಾಗುತ್ತೆ ಅಂತ ಅರ್ಥಶಾಸ್ತ್ರದ ಪಠ್ಯದಲ್ಲಿ ಹೇಳ್ತಾರೆ, ಅದಕ್ಕೇ ಕೂಲಿಗೆ ತಕ್ಕಂತೆ ಎಷ್ಟು ಗಂಟೆ ದುಡೀತೀವಿ ಅಂತ ತೋರಿಸೋ ಗ್ರಾಫಲ್ಲಿ ಗೆರೆ ಮೇಲೆ ಹೋಗ್ತಾ ಹೋಗ್ತಾ ಹಿಂದಕ್ಕೆ ಬಾಗಿರುತ್ತೆ.

ನೂರು ವರ್ಷದಲ್ಲಿ ವಾರಕ್ಕೆ 15 ಗಂಟೆ ಕೆಲಸ ಸಾಕಾಗುತ್ತೆ ಅಂತ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ 1930ರಲ್ಲಿ ಬರೆದಿದ್ರು. ಆದಾಯ ಬೆಳೀತು, 15 ಗಂಟೆ ಬರಲಿಲ್ಲ. ನಮ್ಮ ಬೇಕುಗಳೂ ಜೊತೆಗೇ ಬೆಳೆದಿದ್ದು ದೊಡ್ಡ ಕಾರಣ ಅನ್ಸುತ್ತೆ ನಂಗೆ.

ನನ್ನನ್ನ ತುಂಬಾ ಕಾಡೋದು ಬೇರೆ. ಈ ಲೆಕ್ಕ ಎಲ್ಲ ಗಂಟೆ ಆರಿಸ್ಕೊಳ್ಳೋ ಸ್ವಾತಂತ್ರ್ಯ ಇರೋರಿಗೆ. ತಿಂಗಳ ಸಂಬಳದವರಿಗೆ ಎರಡು ಗಂಟೆ ಕಮ್ಮಿ ಮಾಡಿ ಅಂದ್ರೆ ಯಾರು ಬಿಡ್ತಾರೆ? ಸಾಲ ಇರೋರಿಗೆ ಕೂಲಿ ಇಳಿದ್ರೆ ಬಿಡುವು ಸಿಗಲ್ಲ, ಇನ್ನೊಂದು ಕೆಲಸ ಹುಡುಕ್ಬೇಕಾಗುತ್ತೆ. ಆಮೇಲೆ ಆ ಸರಳ ಮಾಡೆಲ್‌ನಲ್ಲಿ ಸಂಬಳ ಇಲ್ಲದ ಗಂಟೆ ಎಲ್ಲ "ವಿರಾಮ", ಅಡುಗೆ, ಮಗು ನೋಡ್ಕೊಳ್ಳೋದು, ವಯಸ್ಸಾದವರ ಆರೈಕೆ ಎಲ್ಲ ಅದರೊಳಗೇ ಸೇರ್ಕೊಂಡ್ಬಿಡುತ್ತೆ, ಅದನ್ನ ಮಾತ್ರ ನಾನು ಒಪ್ಪಲ್ಲ.