ನಾಲ್ಕು ಪೋರ್ಟಿನ ಕಾರ್ಡ್ ಹಾಕಿದರೆ ವೇಗ ನಾಲ್ಕು ಪಟ್ಟಾಗುತ್ತದೆಯೇ?

ಮನೆಯಲ್ಲಿ ಸರ್ವರ್ ಅಥವಾ ನ್ಯಾಸ್ (ಜಾಲಕ್ಕೆ ಸಿಕ್ಕಿಸಿದ ಫೈಲ್ ಸಂಗ್ರಹ ಪೆಟ್ಟಿಗೆ) ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಇದು. ಹಳೆಯ ಸರ್ವರ್‌ನಿಂದ ಕಳಚಿದ ನಾಲ್ಕು ಪೋರ್ಟಿನ ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಅಗ್ಗಕ್ಕೆ ಸಿಗುತ್ತಿದೆ, ಹಾಕಿದರೆ ಫೈಲ್ ಕಾಪಿ ನಾಲ್ಕು ಪಟ್ಟು ಬೇಗ ಮುಗಿಯುತ್ತದೆಯೇ? ಅದರ ಬೆನ್ನಿಗೇ ಇನ್ನೊಂದು: ಸ್ವಿಚ್ ಬದಲು ಅದನ್ನೇ ಬಳಸಬಹುದೇ? ಮೊದಲನೆಯದಕ್ಕೆ ಉತ್ತರ, ಇಲ್ಲ. ಎರಡನೆಯದಕ್ಕೆ, ಬಳಸಬಹುದು, ಆದರೆ ಬಳಸಬೇಡಿ. ಹಾಗಾದರೆ ಆ ಕಾರ್ಡ್ ಯಾತಕ್ಕೆ ಬೇಕು ಎಂದರೆ, ಜಾಲಗಳನ್ನು ಒಂದರಿಂದ ಒಂದು ಬೇರೆ ಇಡಲು.

ವೇಗದ ವಿಷಯ ಮೊದಲು ನೋಡೋಣ. ನಾಲ್ಕು ಕೇಬಲ್‌ಗಳನ್ನು ಒಂದೇ ಕಟ್ಟಾಗಿಸುವ ವಿಧಾನಕ್ಕೆ ಲಿಂಕ್ ಅಗ್ರಿಗೇಶನ್ ಎನ್ನುತ್ತಾರೆ. 2000ರಲ್ಲಿ 802.3ಎಡಿ ಎಂಬ ಮಾನದಂಡವಾಗಿ ಬಂದು, 2008ರಲ್ಲಿ 802.1ಎಎಕ್ಸ್ ಎಂದು ಹೆಸರು ಬದಲಿಸಿಕೊಂಡಿತು. ಪ್ಯಾಕೆಟ್‌ಗಳ ಕ್ರಮ ಏರುಪೇರಾಗಬಾರದು ಎಂಬುದು ಇದರ ಮೂಲ ನಿಯಮ. ಆದ್ದರಿಂದ ಒಂದು ಸಂಪರ್ಕಕ್ಕೆ ಸೇರಿದ ಪ್ಯಾಕೆಟ್‌ಗಳೆಲ್ಲ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ. ನಾಲ್ಕು ಬಾಗಿಲಿದ್ದ ಮಾತ್ರಕ್ಕೆ ಒಬ್ಬ ಮನುಷ್ಯ ನಾಲ್ಕು ಪಟ್ಟು ಬೇಗ ಹೊರಬರಲಾರ. ನಿಮ್ಮ ಪಿಸಿಯಿಂದ ನ್ಯಾಸ್‌ಗೆ ಹೋಗುವ ಒಂದು ಕಾಪಿ ಎಂದರೆ ಸಾಮಾನ್ಯವಾಗಿ ಒಂದೇ ಟಿಸಿಪಿ ಸಂಪರ್ಕ (ಎರಡು ಯಂತ್ರಗಳ ನಡುವೆ ಡೇಟಾ ಸಾಗುವ ಒಂದು ಕೊಂಡಿ). ಅದು ಸೆಕೆಂಡಿಗೆ ಸುಮಾರು 117 ಮೆಗಾಬೈಟ್‌ಗೆ ನಿಲ್ಲುತ್ತದೆ, ಕೇಬಲ್ ಒಂದಿರಲಿ ನಾಲ್ಕಿರಲಿ.

ಯಾವ ಸಂಪರ್ಕ ಯಾವ ಕೇಬಲ್‌ಗೆ ಎಂಬುದನ್ನು ಕಳುಹಿಸುವ ತುದಿಯೇ ಒಂದು ಹ್ಯಾಶ್ ಲೆಕ್ಕದಿಂದ (ವಿಳಾಸಗಳನ್ನು ಒಂದು ಸಣ್ಣ ಸಂಖ್ಯೆಗೆ ಇಳಿಸುವ ಸೂತ್ರ) ನಿರ್ಧರಿಸುತ್ತದೆ. ಬಾಂಡಿಂಗ್‌ನಲ್ಲಿ, ಅಂದರೆ ಲಿನಕ್ಸ್ ಮಾಡುವ ಅಗ್ರಿಗೇಶನ್‌ನಲ್ಲಿ, ಏನನ್ನೂ ಬದಲಿಸದಿದ್ದರೆ ಈ ಲೆಕ್ಕಕ್ಕೆ ಮ್ಯಾಕ್ ವಿಳಾಸಗಳೇ (ನೆಟ್‌ವರ್ಕ್ ಪೋರ್ಟಿನ ಗುರುತು ಸಂಖ್ಯೆ) ಆಧಾರ. ಅಂದರೆ ಅದೇ ಎರಡು ಯಂತ್ರಗಳ ನಡುವಿನ ಎಲ್ಲ ಸಂಚಾರವೂ ಸದಾ ಒಂದೇ ಕೇಬಲ್‌ಗೆ ಬೀಳುತ್ತದೆ. ಹ್ಯಾಶ್ ನೀತಿಯನ್ನು ಲೇಯರ್ 3+4ಕ್ಕೆ ಬದಲಿಸಿದರೆ ಐಪಿ ವಿಳಾಸ ಮತ್ತು ಟಿಸಿಪಿ ಪೋರ್ಟ್ ಸಂಖ್ಯೆಯೂ ಲೆಕ್ಕಕ್ಕೆ ಸೇರಿ ಹಂಚಿಕೆ ಸುಧಾರಿಸುತ್ತದೆ. ಆಗಲೂ ಅದೃಷ್ಟದ ಮಾತೇ: ನಾಲ್ಕು ಸಂಪರ್ಕಗಳು ನಾಲ್ಕು ಬೇರೆ ಬೇರೆ ಕೇಬಲ್‌ಗಳಿಗೇ ಬೀಳುವ ಸಾಧ್ಯತೆ 256ರಲ್ಲಿ 24, ಅಂದರೆ ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ. ಹತ್ತಾರು ಜನ ಒಟ್ಟಿಗೆ ಬಳಸುವ ಕಚೇರಿ ಸರ್ವರ್‌ಗೆ ಇದು ಲಾಭ. ಇಬ್ಬರು ಮೂವರು ಇರುವ ಮನೆಗೆ ಹೆಚ್ಚೆಂದರೆ ಒಂದು ಕೇಬಲ್ ಕಿತ್ತರೂ ಸಂಪರ್ಕ ಉಳಿಯುತ್ತದೆ ಎಂಬ ಸಮಾಧಾನ. ಈ ಬಗೆಯ ಅಗ್ರಿಗೇಶನ್‌ಗೆ ಎಲ್‌ಎಸಿಪಿ (ಕೇಬಲ್ ಕಟ್ಟಿನ ಬಗ್ಗೆ ಎರಡೂ ತುದಿ ಮಾತಾಡಿಕೊಳ್ಳುವ ಭಾಷೆ) ಬಲ್ಲ ಮ್ಯಾನೇಜ್ಡ್ ಸ್ವಿಚ್, ಅಂದರೆ ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್, ಬೇಕು. ಸಾಮಾನ್ಯ ಸ್ವಿಚ್‌ಗೆ ಸ್ಥಿರ ಅಗ್ರಿಗೇಶನ್ ಮಾಡಿ ಸಿಕ್ಕಿಸಿದರೆ ಒಂದೇ ಮ್ಯಾಕ್ ವಿಳಾಸ ಒಮ್ಮೆ ಈ ಪೋರ್ಟಿನಲ್ಲಿ, ಒಮ್ಮೆ ಆ ಪೋರ್ಟಿನಲ್ಲಿ ಕಾಣಿಸಿ ಸ್ವಿಚ್ ಗೊಂದಲಕ್ಕೆ ಬೀಳುತ್ತದೆ.

ಒಂದು ಕಾಪಿಗೆ ಒಂದೇ ಕೇಬಲ್ ಎಂಬುದಕ್ಕೆ ಒಂದು ನಿಜವಾದ ಅಪವಾದ ಇದೆ: ಎಸ್‌ಎಂಬಿ ಮಲ್ಟಿಚಾನೆಲ್. ಎಸ್‌ಎಂಬಿ ಎಂದರೆ ವಿಂಡೋಸ್‌ನ ಫೈಲ್ ಹಂಚಿಕೆಯ ವಿಧಾನ. ವಿಂಡೋಸ್ 8ರ ಜೊತೆ ಬಂದ ಎಸ್‌ಎಂಬಿ 3ರಲ್ಲಿ ಒಂದೇ ಫೈಲ್ ಕಾಪಿಯನ್ನು ಹಲವು ಟಿಸಿಪಿ ಸಂಪರ್ಕಗಳಿಗೆ ಹಂಚುವ ವ್ಯವಸ್ಥೆ ಇದೆ; ಲಿನಕ್ಸ್‌ನಲ್ಲಿ ಎಸ್‌ಎಂಬಿ ನಡೆಸುವ ಸಾಂಬಾ ತಂತ್ರಾಂಶದಲ್ಲೂ 4.15ರಿಂದ ಇದು ತಾನಾಗಿಯೇ ಚಾಲೂ ಇರುತ್ತದೆ. ಇದಕ್ಕೆ ಬಾಂಡಿಂಗ್ ಬೇಡ, ಮಾಡಲೂ ಬಾರದು. ಎರಡೂ ತುದಿಯಲ್ಲಿ ಎರಡೆರಡು ಪೋರ್ಟ್ ಇಟ್ಟು, ಪ್ರತಿ ಜೋಡಿಗೂ ಬೇರೆ ಸಬ್‌ನೆಟ್ (ಒಂದೇ ಜಾಲಕ್ಕೆ ಸೇರಿದ ಐಪಿ ವಿಳಾಸಗಳ ಗುಂಪು) ಕೊಡಿ. ಆದರೂ ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ ಒಂದೇ: ನಾಲ್ಕು ಗಿಗಾಬಿಟ್ ಪೋರ್ಟ್‌ಗಳಿಗಿಂತ ಒಂದು 2.5 ಗಿಗಾಬಿಟ್ ಪೋರ್ಟ್ ತಲೆನೋವು ಕಡಿಮೆ, ಒಂದೇ ಕಾಪಿಗೆ ವೇಗ ಹೆಚ್ಚು.

ಬೇರೆ ಸಬ್‌ನೆಟ್ ಎಂದು ಒತ್ತಿ ಹೇಳಲು ಕಾರಣವಿದೆ. ಮನೆ ಜಾಲಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಎಂದರೆ ಒಂದೇ ಯಂತ್ರದ ಎರಡು ಪೋರ್ಟ್‌ಗಳಿಗೆ 192.168.1.10, 192.168.1.11 ಎಂದು ಒಂದೇ ಸಬ್‌ನೆಟ್‌ನ ವಿಳಾಸ ಕೊಟ್ಟು ಒಂದೇ ಸ್ವಿಚ್‌ಗೆ ಸಿಕ್ಕಿಸುವುದು. ಲಿನಕ್ಸ್ ದೃಷ್ಟಿಯಲ್ಲಿ ಐಪಿ ವಿಳಾಸ ಇಡೀ ಯಂತ್ರದ್ದು, ಪೋರ್ಟಿನದ್ದಲ್ಲ. ಆದ್ದರಿಂದ .11 ಯಾರದು ಎಂದು ಜಾಲದಲ್ಲಿ ಕೂಗಿ ಮ್ಯಾಕ್ ವಿಳಾಸ ಕೇಳುವ ಎಆರ್‌ಪಿ ಪ್ರಶ್ನೆಗೆ ಎರಡು ಪೋರ್ಟ್‌ಗಳೂ ಉತ್ತರಿಸಿಬಿಡುತ್ತವೆ. ಹೊರಹೋಗುವ ಸಂಚಾರವೋ, ರೂಟಿಂಗ್ ಪಟ್ಟಿಯಲ್ಲಿ ಮೊದಲು ಹೊಂದುವ ಒಂದೇ ಪೋರ್ಟಿನಿಂದ ಹೋಗುತ್ತದೆ. ಎಲ್ಲವೂ ಸರಿ ಇದ್ದಂತೆ ಕಂಡು ಒಂದು ಕೇಬಲ್ ಕಿತ್ತಾಗ ಎರಡೂ ವಿಳಾಸ ಮಾಯವಾಗುವುದು ಹೀಗೆ. ಡೀಫಾಲ್ಟ್ ಗೇಟ್‌ವೇ (ಹೊರಜಾಲಕ್ಕೆ ದಾರಿ ತೋರುವ ರೂಟರ್ ವಿಳಾಸ) ಕೂಡ ಒಂದೇ ಪೋರ್ಟಿಗೆ ಇರಲಿ.

ಪಿಸಿ ಮತ್ತು ನ್ಯಾಸ್ ನಡುವೆ ನೇರ ಕೇಬಲ್ ಎಳೆಯುವುದು ಹೆಚ್ಚುವರಿ ಪೋರ್ಟಿನ ಸೊಗಸಾದ ಬಳಕೆ. ಗಿಗಾಬಿಟ್ ಪೋರ್ಟ್‌ಗಳಿಗೆ ಕ್ರಾಸ್‌ಓವರ್ ಕೇಬಲ್ ಬೇಕಿಲ್ಲ. ಒಂದು ಕಡೆ 10.10.10.1, ಇನ್ನೊಂದು ಕಡೆ 10.10.10.2, ಮಾಸ್ಕ್ /30 (ಎರಡು ಯಂತ್ರಗಳಿಗಷ್ಟೇ ಜಾಗವಿರುವ ಸಬ್‌ನೆಟ್), ಗೇಟ್‌ವೇ ಜಾಗ ಖಾಲಿ. ಆಮೇಲೆ ನ್ಯಾಸ್ ಅನ್ನು ಈ ಹೊಸ ವಿಳಾಸದಿಂದಲೇ ತೆರೆಯಿರಿ, ಇಲ್ಲದಿದ್ದರೆ ಸಂಚಾರ ಹಳೆಯ ದಾರಿಯಲ್ಲೇ ಹೋಗುತ್ತಿರುತ್ತದೆ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಬೈಟ್‌ಗಳು) 9000 ಮಾಡಿದರೆ ಎರಡೂ ತುದಿಯಲ್ಲಿ ಮಾಡಿ, 8972 ಬೈಟ್‌ನ ಪಿಂಗ್ ಅನ್ನು ತುಂಡಾಗದಂತೆ ಕಳುಹಿಸಿ ಪರೀಕ್ಷಿಸಿ. ಉಳಿದ 28 ಬೈಟ್ ಐಪಿ ಮತ್ತು ಐಸಿಎಂಪಿ ಹೆಡರ್‌ಗಳಿಗೆ.

ಇನ್ನು ಸ್ವಿಚ್ ಪ್ರಶ್ನೆ. ನಾಲ್ಕು ಪೋರ್ಟ್‌ಗಳನ್ನು ಬ್ರಿಡ್ಜ್ ಮಾಡಿದರೆ, ಅಂದರೆ ತಂತ್ರಾಂಶದಲ್ಲಿ ಒಂದೇ ಜಾಲವಾಗಿ ಬೆಸೆದರೆ, ಪಿಸಿ ಸ್ವಿಚ್‌ನಂತೆಯೇ ವರ್ತಿಸುತ್ತದೆ, ನಿಜ. ಆದರೆ ಸ್ವಿಚ್‌ನಲ್ಲಿ ಚಿಪ್ ಮಾಡುವ ಕೆಲಸ ಇಲ್ಲಿ ಪ್ರೊಸೆಸರ್ ತಲೆಗೆ ಬರುತ್ತದೆ. ಗಿಗಾಬಿಟ್ ಕೇಬಲ್‌ನಲ್ಲಿ ದೊಡ್ಡ ಪ್ಯಾಕೆಟ್‌ಗಳಾದರೆ ಸೆಕೆಂಡಿಗೆ ಸುಮಾರು 81 ಸಾವಿರ, ಅತಿ ಚಿಕ್ಕವಾದರೆ 14.88 ಲಕ್ಷ. ಮೊದಲನೆಯದು ಹಗುರ, ಎರಡನೆಯದಕ್ಕೆ ಸಣ್ಣ ಪ್ರೊಸೆಸರ್ ಬೆವರುತ್ತದೆ. ಅಪ್‌ಡೇಟ್ ಹಾಕಿ ರೀಬೂಟ್ ಮಾಡಿದಾಗಲೆಲ್ಲ ಮನೆಯ ಜಾಲವೂ ಮಲಗುತ್ತದೆ. ಎಸ್‌ಟಿಪಿ (ಜಾಲದಲ್ಲಿ ಸುತ್ತುದಾರಿ ಉಂಟಾಗದಂತೆ ತಡೆಯುವ ವ್ಯವಸ್ಥೆ) ಚಾಲೂ ಮಾಡದೆ ಅದರ ಎರಡು ಪೋರ್ಟ್‌ಗಳನ್ನು ಒಂದೇ ಸ್ವಿಚ್‌ಗೆ ಸಿಕ್ಕಿಸಿದರೆ ಎಲ್ಲರಿಗೂ ಹೋಗುವ ಬ್ರಾಡ್‌ಕಾಸ್ಟ್ ಪ್ಯಾಕೆಟ್ ಸುತ್ತುತ್ತ ಸುತ್ತುತ್ತ ಜಾಲವನ್ನೇ ಮುಳುಗಿಸುತ್ತದೆ. ವರ್ಚುವಲ್ ಮಷೀನ್‌ಗಳಿಗಾಗಿ ಬ್ರಿಡ್ಜ್ ಮಾಡುವುದು ಬೇರೆ ಮಾತು, ಅದು ಸರಿಯಾದ ಬಳಕೆ.

ಈ ಕಾರ್ಡ್‌ನ ನಿಜವಾದ ಜಾಗ ರೂಟರ್. ಹಳೆಯ ಪಿಸಿಗೆ ಓಪಿಎನ್‌ಸೆನ್ಸ್ ಅಥವಾ ಪಿಎಫ್‌ಸೆನ್ಸ್ (ಪಿಸಿಯನ್ನು ರೂಟರ್, ಫೈರ್‌ವಾಲ್ ಮಾಡುವ ತಂತ್ರಾಂಶ) ಹಾಕಿ, ಒಂದು ಪೋರ್ಟ್ ಮೋಡೆಮ್‌ಗೆ, ಒಂದು ಮನೆಯ ಸ್ವಿಚ್‌ಗೆ, ಒಂದು ಅತಿಥಿಗಳ ವೈಫೈಗೆ, ಒಂದು ಕ್ಯಾಮೆರಾ ಮತ್ತು ಸ್ಮಾರ್ಟ್ ಉಪಕರಣಗಳಿಗೆ. ಒಂದೇ ಕೇಬಲ್‌ನಲ್ಲಿ ಟ್ಯಾಗ್ ಹಚ್ಚಿ ಹಲವು ಜಾಲ ಸಾಗಿಸುವ ವಿಎಲ್ಯಾನ್‌ನಿಂದ ಇದೇ ಕೆಲಸ ಎರಡು ಪೋರ್ಟ್‌ಗಳಲ್ಲಿ ಆಗುತ್ತದೆ, ಆದರೆ ಮ್ಯಾನೇಜ್ಡ್ ಸ್ವಿಚ್ ಬೇಕು, ಮತ್ತು ಟ್ಯಾಗ್ ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕುವುದು ಕಷ್ಟ. ಬೇರೆ ಕೇಬಲ್ ಕಣ್ಣಿಗೆ ಕಾಣುತ್ತದೆ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಮೊದಲ ಲ್ಯಾನ್ (ಮನೆಯೊಳಗಿನ ಜಾಲದ) ಪೋರ್ಟಿಗೆ ಅನುಮತಿಯ ನಿಯಮ ತಾನಾಗಿಯೇ ಇರುತ್ತದೆ, ಆಮೇಲೆ ಸೇರಿಸಿದ ಪೋರ್ಟ್‌ಗಳಿಗೆ ಇರುವುದಿಲ್ಲ. ತಾನಾಗಿ ಐಪಿ ಹಂಚುವ ಡಿಎಚ್‌ಸಿಪಿಯಿಂದ ವಿಳಾಸ ಸಿಗುತ್ತದೆ, ಇಂಟರ್ನೆಟ್ ಮಾತ್ರ ಸಿಗುವುದಿಲ್ಲ. ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ, ಆದ್ದರಿಂದ ಮೊದಲು ರೂಟರ್‌ನ ಡಿಎನ್‌ಎಸ್‌ಗೆ (ಜಾಲತಾಣದ ಹೆಸರಿಗೆ ವಿಳಾಸ ಹೇಳುವ ಸೇವೆ) ಅನುಮತಿ, ನಂತರ 192.168.0.0/16ಕ್ಕೆ, ಅಂದರೆ ಮನೆಯ ಉಳಿದ ಜಾಲಗಳಿಗೆ ತಡೆ, ಕೊನೆಗೆ ಉಳಿದದ್ದಕ್ಕೆಲ್ಲ ಅನುಮತಿ. ಮೊದಲೆರಡರ ಕ್ರಮ ಅದಲುಬದಲಾದರೆ ಹೆಸರುಗಳೇ ತೆರೆಯುವುದಿಲ್ಲ.

ಕೊಳ್ಳುವಾಗ ಇಂಟೆಲ್ ಐ350ರ ನಾಲ್ಕು ಪೋರ್ಟಿನ ಮಾದರಿ ಸುರಕ್ಷಿತ ಆಯ್ಕೆ, ಲಿನಕ್ಸ್ ಮತ್ತು ಫ್ರೀಬಿಎಸ್‌ಡಿ (ಓಪಿಎನ್‌ಸೆನ್ಸ್, ಪಿಎಫ್‌ಸೆನ್ಸ್‌ಗಳ ಬುನಾದಿ) ಎರಡರಲ್ಲೂ ಡ್ರೈವರ್ ಪಳಗಿದೆ. ನಕಲಿ ಮಾಲು ಬಹಳ, ಹೊಸದೆಂದು ತೀರಾ ಅಗ್ಗಕ್ಕೆ ಬಂದರೆ ಅನುಮಾನಿಸಿ. ಸ್ಲಾಟ್ ನೋಡಿಕೊಳ್ಳಿ: ಪಿಸಿಐ ಎಕ್ಸ್‌ಪ್ರೆಸ್ 2ರ ಒಂದು ಲೇನ್ (ಸ್ಲಾಟ್‌ನ ಒಂದು ಡೇಟಾ ದಾರಿ) ಒಂದು ದಿಕ್ಕಿಗೆ ಸೆಕೆಂಡಿಗೆ 500 ಮೆಗಾಬೈಟ್ ಸಾಗಿಸುತ್ತದೆ, ನಾಲ್ಕು ಗಿಗಾಬಿಟ್ ಪೋರ್ಟ್‌ಗಳಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಎರಡು 10 ಗಿಗಾಬಿಟ್ ಪೋರ್ಟ್‌ಗಳ ಎಕ್ಸ್520 ಕಾರ್ಡ್‌ಗೆ 2500 ಮೆಗಾಬೈಟ್ ಬೇಕು. ಅದನ್ನು ಮೂರನೇ ಪೀಳಿಗೆಯ ನಾಲ್ಕು ಲೇನ್ ಸ್ಲಾಟ್‌ಗೆ ಹಾಕಿದರೂ ಕಾರ್ಡ್ ಎರಡನೇ ಪೀಳಿಗೆಯದ್ದಾದ್ದರಿಂದ 2000ಕ್ಕೆ ನಿಲ್ಲುತ್ತದೆ. ಉದ್ದನೆಯ ಹದಿನಾರು ಲೇನ್ ಸ್ಲಾಟ್ ಎಂದು ಕಂಡದ್ದರ ಒಳಗೆ ನಾಲ್ಕೇ ಲೇನ್ ತಂತಿ ಇರುವುದೂ ಸಾಮಾನ್ಯ; ಮದರ್‌ಬೋರ್ಡ್ ಕೈಪಿಡಿಯನ್ನು ನಂಬಿ, ಕಣ್ಣನ್ನಲ್ಲ. ಸರ್ವರ್‌ಗಳ ಕಾರ್ಡ್‌ಗಳಿಗೆ ಫ್ಯಾನ್ ಇರುವುದಿಲ್ಲ, ಅವು ಸರ್ವರ್ ಪೆಟ್ಟಿಗೆಯ ಜೋರು ಗಾಳಿಯನ್ನೇ ನಂಬಿಕೊಂಡಿರುತ್ತವೆ. ಮನೆಯ ಕೇಸ್‌ನಲ್ಲಿ 10 ಗಿಗಾಬಿಟ್ ಕಾರ್ಡ್‌ನ ಹೀಟ್‌ಸಿಂಕ್ ಕಡೆಗೆ ಒಂದು ಸಣ್ಣ ಫ್ಯಾನ್ ತಿರುಗಿಸಿ.

ಕಾರ್ಡ್ ಹಾಕಿದ ಮೇಲೆ ಯಂತ್ರ ಬೂಟ್ ಆಗಿಯೂ ಜಾಲ ಸತ್ತಿದ್ದರೆ ಹೆದರಬೇಡಿ. ಹೊಸ ಕಾರ್ಡ್ ಬಂದು ಪಿಸಿಐ ಬಸ್ ಸಂಖ್ಯೆಗಳು ಜರುಗಿದಾಗ ಲಿನಕ್ಸ್‌ನಲ್ಲಿ ಹಳೆಯ ಪೋರ್ಟಿನ ಹೆಸರೇ ಬದಲಾಗುತ್ತದೆ. ಇಎನ್‌ಪಿ3ಎಸ್0 ಇದ್ದದ್ದು ಇಎನ್‌ಪಿ4ಎಸ್0 ಆಗಿರುತ್ತದೆ, ಸಂರಚನೆಯ ಫೈಲ್ ಹಳೆಯ ಹೆಸರನ್ನೇ ಹುಡುಕುತ್ತಿರುತ್ತದೆ. ಪ್ರಾಕ್ಸ್‌ಮಾಕ್ಸ್ (ವರ್ಚುವಲ್ ಮಷೀನ್ ನಡೆಸುವ ಲಿನಕ್ಸ್ ವ್ಯವಸ್ಥೆ) ಓಡಿಸುವವರು ಮಾನಿಟರ್, ಕೀಬೋರ್ಡ್ ಸಿಕ್ಕಿಸಿಕೊಂಡೇ ಈ ಕೆಲಸಕ್ಕೆ ಕೈಹಾಕಿ, ಹೆಸರನ್ನು ಮ್ಯಾಕ್ ವಿಳಾಸಕ್ಕೆ ಕಟ್ಟಿಬಿಡಿ. ಯಾವ ತೂತು ಯಾವ ಪೋರ್ಟ್ ಎಂದು ಊಹಿಸುವುದೂ ಬೇಡ, ಕೆಲವು ಕಾರ್ಡ್‌ಗಳಲ್ಲಿ ಎಣಿಕೆ ಕೆಳಗಿನಿಂದ ಶುರುವಾಗುತ್ತದೆ. ಎತ್‌ಟೂಲ್ ಆಜ್ಞೆಗೆ ಹೈಫನ್ ಪಿ ಆಯ್ಕೆ, ಪೋರ್ಟಿನ ಹೆಸರು, 10 ಎಂಬ ಸಂಖ್ಯೆ ಕೊಟ್ಟರೆ ಆ ಪೋರ್ಟಿನ ದೀಪ ಹತ್ತು ಸೆಕೆಂಡ್ ಮಿನುಗುತ್ತದೆ. ನಾಲ್ಕಕ್ಕೂ ಹೀಗೆ ನೋಡಿ, ಬ್ರಾಕೆಟ್ ಮೇಲೆ ಚೀಟಿ ಅಂಟಿಸಿ, ಆಮೇಲೆ ಕೇಬಲ್ ಸಿಕ್ಕಿಸಿ.