ಆಮೋಸನೂ ನಮ್ಮಜ್ಜಿಯ ಸೇರೂ

ಈ ಸಲದ ಸುಗ್ಗಿ ಹಬ್ಬಕ್ಕೆ ನಮ್ಮ ಚರ್ಚಿನ ಸಭಾಪಾಲಕರು ಬೈಬಲಿನ ಪ್ರವಾದಿ ಆಮೋಸನ 8ನೇ ಅಧ್ಯಾಯ ಓದಿಸಿದರು. ಮುಂದೆ ಹರಾಜಿಗೆ ಕುಂಬಳಕಾಯಿ, ಬಾಳೆಗೊನೆಗಳ ರಾಶಿ. ಕಿವಿಗೆ ಬೀಳುತ್ತಿದ್ದದ್ದು ಮಾತ್ರ ಕಳ್ಳ ವ್ಯಾಪಾರಿಗಳ ವಿಷಯ. ವ್ಯಾಪಾರ ನಿಲ್ಲಿಸಬೇಕಾದ ವಿಶ್ರಾಂತಿ ದಿನ ಸಬ್ಬತ್ ಯಾವಾಗ ಮುಗಿಯುತ್ತೆ, ಅಂಗಡಿ ಯಾವಾಗ ತೆಗೆಯೋಣ ಅಂತ ಚಡಪಡಿಸುವವರು. ಧಾನ್ಯದ ಅಳತೆ ಕಿರಿದು, ಕೊಳ್ಳುವವರು ಕೊಡುವ ಬೆಳ್ಳಿ ತೂಗುವ ಕಲ್ಲು ಭಾರ. ಗೋದಿಯ ಜೊತೆ ಹೊಟ್ಟೂ ಮಾರಾಟಕ್ಕೆ. ಒಂದು ಜೊತೆ ಕೆರದ ಬೆಲೆಗೆ ಬಡವನನ್ನೇ ಕೊಳ್ಳುವವರು.

ನನಗೆ ನಮ್ಮಜ್ಜಿ ನೆನಪಾದರು. ಮನೆ ಬಾಗಿಲಲ್ಲೇ ಕೂತು ರಾಗಿ ಅಳೆದು ಮಾರುತ್ತಿದ್ದರು. ಸೇರಿಗೆ ರಾಗಿ ಸುರಿದು, ನೆಲಕ್ಕೆ ಕುಟ್ಟಿ, ಮತ್ತೆ ಸುರಿದು, ಕಾಳು ಜಾರುವವರೆಗೂ ಮೇಲೆ ಏರಿಸೋರು. ಜಾರಿದ ಕಾಳು ಮೊರದ ಮೇಲೆ ಸರಸರ ಬೀಳುವ ಸದ್ದು ಈಗಲೂ ಕಿವಿಯಲ್ಲಿದೆ. ಅದನ್ನೂ ಬಾಚಿ, ಕೊಸರು ಅಂತ ಕೊಂಡವರ ಸೆರಗಿಗೇ ಹಾಕೋರು. "ಅಳತೇಲಿ ಮೋಸ ಮಾಡಿ ಕೀರ್ತನೆ ಹಾಡಿದ್ರೆ ದೇವರು ಕಿವಿ ಮುಚ್ಕೋತಾನೆ ಕಣೋ" ಅನ್ನುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ನಿಮ್ಮ ಹಾಡಿನ ಗದ್ದಲ ಸಾಕು, ನ್ಯಾಯ ಹೊಳೆಯಾಗಿ ಹರಿಯಲಿ ಅಂತ ಆಮೋಸ 5ನೇ ಅಧ್ಯಾಯದಲ್ಲಿ ಹೇಳುವುದೂ ಇದನ್ನೇ.

ಆಮೋಸ ಬೇತ್ಲೆಹೇಮಿನ ದಕ್ಷಿಣಕ್ಕಿರುವ ತೆಕೋವದ ಕುರಿಗಾರ. ಅತ್ತಿಹಣ್ಣಿನ ಕೆಲಸವೂ ಇತ್ತು. ಕ್ರಿ.ಪೂ. 760ರ ಸುಮಾರಿಗೆ ಉತ್ತರದ ಇಸ್ರಾಯೇಲ್ ರಾಜ್ಯದ ಬೇತೇಲಿಗೆ ಹೋದ. ಅದು ಅರಸ ಯಾರೊಬ್ಬಾಮನದೇ ದೇವಸ್ಥಾನ. ಆಗ ಇಸ್ರಾಯೇಲಿನಲ್ಲಿ ದುಡ್ಡಿಗೇನೂ ಬರವಿರಲಿಲ್ಲ. ದಂತದ ಮಂಚದ ಮೇಲೆ ಒರಗಿದವರನ್ನು ಆಮೋಸ ಬೈಯುತ್ತಾನಲ್ಲ, ಇಸ್ರಾಯೇಲಿನ ರಾಜಧಾನಿ ಸಮಾರ್ಯದಲ್ಲಿ ಅಗೆದಾಗ ಕೆತ್ತಿದ ದಂತದ ತುಂಡುಗಳು ನಿಜವಾಗಿಯೂ ಸಿಕ್ಕಿವೆ. ಯಾಜಕ ಅಮಚ್ಯನಿಗೆ ಇವನ ಮಾತು ಸಹಿಸಲಾಗಲಿಲ್ಲ. ದಕ್ಷಿಣದ ನಿನ್ನ ಯೆಹೂದ ರಾಜ್ಯಕ್ಕೆ ಹೋಗು, ಅಲ್ಲೇ ಹೊಟ್ಟೆ ಹೊರೆದುಕೋ ಅಂದ. ನಾನು ಪ್ರವಾದಿಯೂ ಅಲ್ಲ, ಪ್ರವಾದಿಯ ಮಗನೂ ಅಲ್ಲ, ಕುರಿ ಹಿಂದೆ ಹೋಗುತ್ತಿದ್ದವನನ್ನು ಯೆಹೋವನೇ ಕರೆದ ಅಂದ ಆಮೋಸ. ಕ್ರಿ.ಪೂ. 722ರ ಹೊತ್ತಿಗೆ ಸಮಾರ್ಯ ಅಶ್ಶೂರ ಸಾಮ್ರಾಜ್ಯದ ಪಾಲಾಯಿತು.

ಈಗ ನಮಗೆ ಪ್ರವಾದನೆ ಅಂದರೆ ವೀಸಾ ಬರುತ್ತಾ, ಮಗಳಿಗೆ ಗಂಡು ಯಾವಾಗ ಸಿಗುತ್ತೆ ಅನ್ನೋದು. ಅದಕ್ಕೆ ಬೇಕಾದರೆ ರಾತ್ರಿಯೆಲ್ಲಾ ಕೂರುತ್ತೇವೆ. ಮನೆಗೆಲಸದವಳ ಸಂಬಳ ಯಾಕಮ್ಮ ಹಿಡಿದಿಟ್ಟಿದ್ದೀಯ ಅಂತ ಕೇಳುವ ಪ್ರವಾದಿ ಬಂದರೆ ಕಾಫಿ ಕೊಟ್ಟು ಬೇಗ ಸಾಗಹಾಕುತ್ತೇವೆ, ಅಲ್ವಾ? ಅಮಚ್ಯ ಕಾಫಿ ಕೊಡಲಿಲ್ಲ, ಅಷ್ಟೇ.

ಕ್ರಿಸ್ಮಸ್‌ಗೆ ಇನ್ನೊಬ್ಬ ಪ್ರವಾದಿ ಯೆಶಾಯನ 9ನೇ ಅಧ್ಯಾಯ, ನಮಗೊಂದು ಮಗು ಹುಟ್ಟಿದೆ ಅನ್ನೋದು, ಮಕ್ಕಳಿಗೂ ಬಾಯಿಪಾಠ. ನಿಮ್ಮ ಕೈಯೆಲ್ಲಾ ರಕ್ತ, ವಿಧವೆಯ ಪರ ಮಾತಾಡಿ ಅನ್ನುವ ಅದೇ ಯೆಶಾಯನ 1ನೇ ಅಧ್ಯಾಯವನ್ನು ನಮ್ಮಲ್ಲಿ ಯಾವ ಹಬ್ಬಕ್ಕೂ ಓದಿದ್ದು ನಾನು ಕೇಳಿಲ್ಲ. ಈ ಸಲ ಎರಡನ್ನೂ ಓದಿಸಿ ಅಂತ ಸಭಾಪಾಲಕರನ್ನು ಕೇಳಿದೆ. "ನೋಡೋಣ, ಆಮೋಸನೇ ಇನ್ನೂ ಕೆಲವರಿಗೆ ಜೀರ್ಣ ಆಗಿಲ್ಲ" ಅಂದರು.