ಹಾಸ್ಟೆಲಿನ ಕೋಣೆಯಲ್ಲಿದ್ದ ಕುಲಪತಿಗಳು

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1960ರ ದಶಕದ ಕೊನೆಯಲ್ಲಿ ಬಿ.ಎಸ್ಸಿ. ಓದಿದ ನಮಗೆ ಡಾ. ಎಚ್. ನರಸಿಂಹಯ್ಯನವರು ಎಂದೆಂದಿಗೂ ‘ಎಚ್ಚೆನ್’. ಈಚೆಗೆ ಹಳೆಯ ಗೆಳೆಯರು ಸೇರಿದ್ದಾಗ ಅಂದಿನ ಪಠ್ಯದಲ್ಲಿ ಏನೇನಿತ್ತೆಂಬುದು ಯಾರಿಗೂ ಸರಿಯಾಗಿ ನೆನಪಾಗಲಿಲ್ಲ. ಆದರೆ ಖಾದಿಯುಟ್ಟು ಗಾಂಧಿ ಟೋಪಿ ತೊಟ್ಟ ಆ ಪ್ರಾಂಶುಪಾಲರ ಮಾತು ಬಂದ ಮೇಲೆ ಊಟಕ್ಕೆ ಏಳಲು ಯಾರಿಗೂ ಮನಸ್ಸಾಗಲಿಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಅವರು ಹೈಸ್ಕೂಲು ಓದಲೆಂದು ಬೆಂಗಳೂರಿಗೆ ನಡೆದೇ ಬಂದವರು. ನ್ಯಾಷನಲ್ ಹೈಸ್ಕೂಲಿಗೆ 1936ರಲ್ಲಿ ಗಾಂಧೀಜಿ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡದಲ್ಲಿ ಹೇಳಿದ ಹುಡುಗ ಇವರೇ. 1942ರ ಚಳವಳಿಯಲ್ಲಿ ಓದು ಬಿಟ್ಟು ಸೆರೆಮನೆ ಸೇರಿದರು. ಬಿಡುಗಡೆಯಾದ ಮೇಲೆ ಎಂ.ಎಸ್ಸಿ. ಮುಗಿಸಿ 1946ರಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದು ಹಿಂದಿರುಗಿದ ಮೇಲೂ ಅವರ ವಾಸ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ. ಮದುವೆಯಾಗದ ಅವರಿಗೆ ಹಾಸ್ಟೆಲಿನ ಹುಡುಗರೇ ಮನೆಯವರು.

ಆ ಹಾಸ್ಟೆಲಿನಲ್ಲಿ ನಡೆದ ಒಂದು ತುಂಟಾಟವನ್ನು ಹೇಳಲೇಬೇಕು. ಪರೀಕ್ಷೆಯ ದಿನ ಬೆಳಗಿನ ಜಾವ ಯಾರೋ ಕುಂಕುಮ ಹಚ್ಚಿ ಕೊಯ್ದ ನಿಂಬೆಹಣ್ಣನ್ನು ನಮ್ಮ ಕೋಣೆಯ ಹೊಸ್ತಿಲಲ್ಲಿ ಇಟ್ಟಿದ್ದರು. ನನ್ನ ಜೊತೆಗಾರ ಹಾಲ್ ಟಿಕೆಟ್ ಹಿಡಿದುಕೊಂಡು ಒಳಗೇ ಬೆವರುತ್ತ ನಿಂತುಬಿಟ್ಟ. ನಾನು ಅದನ್ನು ಎತ್ತಿ ತೊಳೆದು, ಲೋಟಕ್ಕೆ ಹಿಂಡಿ, ಸಕ್ಕರೆ ಬೆರೆಸಿ ಎಲ್ಲರೆದುರು ಕುಡಿದೆ; ಉಳಿದರ್ಧವನ್ನು ಅವನಿಗೂ ಕುಡಿಸಿ ಪರೀಕ್ಷೆಗೆ ಕರೆದೊಯ್ದೆ. ಇಬ್ಬರೂ ಒಳ್ಳೆಯ ಅಂಕ ಪಡೆದೆವು. ಆ ಧೈರ್ಯ ಬಂದದ್ದು ಎಚ್ಚೆನ್ ನಮ್ಮಲ್ಲಿ ಬೆಳೆಸಿದ್ದ ‘ಏಕೆ?’ ಎಂಬ ಪ್ರಶ್ನೆಯಿಂದ, ಮತ್ತು ಅವರು 1962ರಲ್ಲಿ ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳಿಂದ.

1972ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದಾಗ ನಮ್ಮ ಹೆಮ್ಮೆಗೆ ಎಣೆಯೇ ಇರಲಿಲ್ಲ. ಪದವಿ ಬಂದರೂ ಹಾಸ್ಟೆಲಿನ ಕೋಣೆ ಬಿಡಲಿಲ್ಲ, ಖಾದಿ ಬಿಡಲಿಲ್ಲ. ವಿಜ್ಞಾನಿಯಾದ ಅವರೇ ವಿಶ್ವವಿದ್ಯಾಲಯದಲ್ಲಿ ಸಂಗೀತ, ನೃತ್ಯ, ನಾಟಕಗಳ ಕಲಿಕೆಗೆ ಜಾಗ ಮಾಡಿಕೊಟ್ಟರೆಂಬುದನ್ನು ಇಂದು ಎಷ್ಟೋ ಮಂದಿ ಮರೆತಿದ್ದಾರೆ. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿ ರಚಿಸಿ, ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪವಾಡಗಳನ್ನು ಪರೀಕ್ಷೆಗೆ ಒಡ್ಡುವಂತೆ ಪತ್ರ ಬರೆದರು. ಉತ್ತರ ಬರಲಿಲ್ಲ, ವಿರೋಧ ಮಾತ್ರ ಸಾಕಷ್ಟು ಬಂತು. ಕುಲಪತಿ ಸ್ಥಾನದಲ್ಲಿ ಕುಳಿತವರು ಅಂಥ ಪ್ರಶ್ನೆ ಕೇಳಲು ಎಷ್ಟು ಗಟ್ಟಿಗತನ ಬೇಕೆಂಬುದು, ಮುಂದೆ ನಾನೂ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿ ವಿಭಾಗವೊಂದನ್ನು ನಡೆಸಿದಾಗ ಚೆನ್ನಾಗಿ ತಿಳಿಯಿತು. ನನ್ನ ಶಿಷ್ಯರಲ್ಲಿ ಹಲವರು ಇಂದು ಹೆಸರಾಂತ ಪ್ರಯೋಗಾಲಯಗಳಲ್ಲಿದ್ದಾರೆ. ಅವರಿಗೂ ನಾನು ಮೊದಲು ಕಲಿಸಿದ್ದು ಪ್ರಶ್ನಿಸುವುದನ್ನೇ.

ಇಂದಿನ ಮಕ್ಕಳು ಬೆಳಗಾಗುವ ಮುನ್ನವೇ ಕೋಚಿಂಗ್ ತರಗತಿಗೆ ಓಡುತ್ತಾರೆ. ನಾಲ್ಕು ಉತ್ತರಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕಲು ಅವರಿಗೆ ಬರುತ್ತದೆ. ಪ್ರಶ್ನೆಯೇ ಸರಿಯಿಲ್ಲವೆಂದು ಎದ್ದುನಿಂತು ಹೇಳಲು ಮಾತ್ರ ಯಾರೂ ಕಲಿಸುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಎಚ್ಚೆನ್ 2005ರ ಜನವರಿ 31ರಂದು ನಿಧನರಾದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ನ್ಯಾಷನಲ್ ಕಾಲೇಜುಗಳು ತಲೆಯೆತ್ತಿದ್ದು ಅವರ ದುಡಿಮೆಯಿಂದ. ಮೊನ್ನೆ ಸೇರಿದ್ದ ನಾವೆಲ್ಲರೂ ಆ ಕಡೆಯ ಹಳ್ಳಿಯ ಮಕ್ಕಳ ಬಸ್ ಖರ್ಚನ್ನು ಹಂಚಿಕೊಂಡು, ಅವರನ್ನು ವಿಜ್ಞಾನ ವೇದಿಕೆಯ ಉಪನ್ಯಾಸಗಳಿಗೆ ಕರೆತರುವುದೆಂದು ಒಪ್ಪಿದ್ದೇವೆ; ಹಣವೂ ಆಗಲೇ ಸೇರತೊಡಗಿದೆ.